ಬಾಯಿಬಿಟ್ಟವನ ಪರ

ಕಾದಂಬರಿಯ ಪ್ರೇಮಿಗಳು ಬೆಳದಿಂಗಳಲ್ಲಿ ನಿಂತು ಮಾತಾಡತೊಡಗಿದರೆ ಸಾಕು, ಕುಸುಮಾ ಆಂಟಿಗೆ ಆಕಳಿಕೆ ಬರುತ್ತಿತ್ತು. "ಇದೆಲ್ಲ ಸ್ಕಿಪ್ ಮಾಡಮ್ಮ. ಇವರಿಗೆ ಮನೇಲಿ ಕೆಲಸ ಇಲ್ವಾ?" ಅನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಸಿಂಗಾಪುರದ ಉಬಿಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆ. ಶನಿವಾರ ಸಂಜೆ ಆಂಗ್ ಮೋ ಕಿಯೋದಲ್ಲಿ ಆಂಟಿಯ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ಕೂತು ನಾನು ಗಟ್ಟಿಯಾಗಿ ಕಾದಂಬರಿ ಓದುವುದು, ಆಂಟಿ ಮತ್ತು ಅವರ ಗಂಡ ನಾಗರಾಜ್ ಅಂಕಲ್ ಕೇಳುವುದು. ಆಂಟಿ ವಾರವೆಲ್ಲ ಕಾಕಿ ಬುಕಿತ್‌ನ ಗೋಡೌನ್ ಆಫೀಸಿನಲ್ಲಿ ದುಡಿದು ಬಂದು, ಚಪ್ಪಲಿ ಬಿಟ್ಟು, ಊದಿದ ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿ ಕೂರುತ್ತಿದ್ದರು. ಅಂಕಲ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಡುತ್ತಿದ್ದರು. ಅವರದು ಮಾತು ಕಮ್ಮಿ.

ಆ ಸಲ ಹಿಡಿದದ್ದು ದಕ್ಷಿಣ ಅಮೆರಿಕದ ಒಂದು ಹಳೆಯ ಕಾದಂಬರಿ. ಸರ್ವಾಧಿಕಾರಿಯ ವಿರುದ್ಧ ಕರಪತ್ರ ಅಚ್ಚುಹಾಕುವ ಯುವಕ, ಅವನನ್ನು ಪ್ರೀತಿಸುವ ನ್ಯಾಯಾಧೀಶನ ಮಗಳು. ಸೈನಿಕರ ಏಟು ತಾಳದೆ ಒಬ್ಬ ಸಾರೋಟಿನವನು ಯುವಕ ಅಡಗಿದ್ದ ಜಾಗ ಹೇಳಿಬಿಡುತ್ತಾನೆ. ಅದನ್ನು ಓದಿ ನನಗೆ ಮೈ ಉರಿಯಿತು.

"ಥೂ, ದ್ರೋಹಿ! ಇಂಥವನನ್ನ ಮೊದಲು ಸಾಯಿಸ್ಬೇಕಿತ್ತು," ಅಂದೆ.

ಅಂಕಲ್ ಎದ್ದು ಲಿಫ್ಟಿನ ಕಡೆ ನಡೆದರು. ಅವರು ಹೋಗುವುದನ್ನೇ ಆಂಟಿ ನೋಡಿದರು.

"ನಿಂಗೆ ಗೊತ್ತಿರ್ಲಿಲ್ಲ, ಬಿಡು. ಎಮರ್ಜೆನ್ಸಿ ಟೈಮಲ್ಲಿ ನಮ್ಮಣ್ಣ ಕರಪತ್ರ ಹಂಚ್ತಿದ್ದ. ಇವರು ಅವನ ಫ್ರೆಂಡು. ಪೊಲೀಸರು ಇವರನ್ನ ಹಿಡ್ಕೊಂಡು ಹೋಗಿ ಅಂಗಾಲಿಗೆ ಬಾರಿಸಿದ್ರು. ಅಣ್ಣ ಎಲ್ಲಿದಾನೆ ಅಂತ ಹೇಳ್ಬಿಟ್ರು. ಅವನು ಜೈಲಿಗೆ ಹೋದ. ಊರೇ ಇವರ ಜೊತೆ ಮಾತು ಬಿಡ್ತು."

"ಮತ್ತೆ ನೀವು?"

"ನಾನು ಅದಕ್ಕೆ ಮುಂಚೇನೇ ಇವರನ್ನ ಇಷ್ಟಪಟ್ಟಿದ್ದೆ. ಇವರು ತಿಂದ ಏಟು ಯಾರ ಕಣ್ಣಿಗೂ ಬೀಳ್ಲಿಲ್ಲ. ಮದುವೆ ಆದೆ. ಅಣ್ಣ ಹೊರಗೆ ಬಂದ್ಮೇಲೆ ನನ್ನ ಮುಖಾನೂ ನೋಡ್ಲಿಲ್ಲ." ಕಾಫಿ ಲೋಟ ಕೆಳಗಿಟ್ಟರು. "ಇಬ್ಬರನ್ನೂ ಪ್ರೀತಿಸಿ ಸುಸ್ತಾಗಿದೀನಿ ಕಣಮ್ಮ."

ಮುಂದಿನ ಶನಿವಾರ ಪುಸ್ತಕ ತೆರೆಯಲು ನನಗೇ ಅಳುಕು. ಅಂಕಲ್ಲೇ ಕೇಳಿದರು: "ಓದಮ್ಮ. ಆ ಸಾರೋಟಿನವನು ಏನಾದ?"

ಕೊನೆಯ ಪುಟದವರೆಗೂ ಓದಿದೆ. ಲೇಖಕ ಅವನ ಸುದ್ದಿಯನ್ನೇ ಎತ್ತಿರಲಿಲ್ಲ.

"ಮರೆತಿರ್ಬೇಕು," ಅಂದರು ಅಂಕಲ್.

"ಮನೆಗೆ ಹೋಗಿರ್ತಾನೆ ಬಿಡಿ. ಹೆಂಡತಿ ಕಾಲಿಗೆ ಎಣ್ಣೆ ಹಚ್ಚಿರ್ತಾಳೆ," ಅಂದರು ಆಂಟಿ.

ಮರುವರ್ಷ ಆಂಟಿಗೆ ಅವರ ಅಣ್ಣನ ಫೋನ್ ಬಂತು. ಮಗಳ ಮದುವೆ, ನೀನೊಬ್ಬಳೇ ಬಾ ಅಂದನಂತೆ. ಹೋಗಿ ಬಾ ಅಂತ ಅಂಕಲ್ ಎಷ್ಟು ಹೇಳಿದರೂ ಆಂಟಿ ಹೋಗಲಿಲ್ಲ. ಮದುವೆಯ ದಿನವೂ ಕೆಲಸಕ್ಕೆ ಹೋಗಿ ಬಂದರು.

ನಾನು ಸಿಂಗಾಪುರ ಬಿಡುವ ವಾರ ಎಂಆರ್‌ಟಿ ರೈಲಿನಲ್ಲಿ ಅವರಿಬ್ಬರನ್ನೂ ಕಂಡೆ. ಆಂಟಿ ಅಂಕಲ್ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು. ಅಂಕಲ್ ನನ್ನನ್ನು ನೋಡಿ ಅವರನ್ನು ಎಬ್ಬಿಸಲು ಕೈ ಎತ್ತಿದರು. ಬೇಡ ಎಂದು ತಲೆಯಾಡಿಸಿದೆ. ನನ್ನ ಸ್ಟೇಷನ್ ಬಂತು, ಇಳಿದೆ. ಬಾಗಿಲು ಮುಚ್ಚುವಾಗ ನೋಡಿದರೆ, ಅಂಕಲ್ ಹೆಗಲನ್ನು ಒಂದಿಷ್ಟೂ ಅಲುಗಿಸದೆ ಹಾಗೇ ಕೂತಿದ್ದರು.