ಮೂರನೆಯ ಟಕ್

ಡ್ರೈವರಣ್ಣನ ಮುರಿದ ಕಾಲು ಎಡಗಾಲೇ ಇರಬೇಕು. ಕ್ಲಚ್ ತುಳಿಯುವುದು ಎಡಗಾಲಲ್ಲವೇ, ಬಲಗಾಲಾಗಿದ್ದರೆ ಇದೆಲ್ಲ ನಡೆಯುತ್ತಲೇ ಇರಲಿಲ್ಲ. ಆದರೂ ಶೆಡ್ಡಿನ ಧೂಳಿನ ಮೇಲೆ ಗೆರೆ ಎಳೆಯುತ್ತ ಬರುವ ಆ ಕಪ್ಪು ಉಗುರಿನ ಹೆಬ್ಬೆರಳು ಒಂದೊಂದು ಸಲ ಬಲಗಾಲಿನದಾಗಿ ಕಾಣುತ್ತದೆ. ಮೂಟೆ ಇಳಿಸುವಾಗ ಬಿದ್ದು ಮುರಿದ ಮಂಡಿ ಕೂಡಿಕೊಂಡಿತ್ತು, ಆದರೆ ಮಡಚುತ್ತಿರಲಿಲ್ಲ. ಡ್ರೈವರಣ್ಣ ಬಂದು ಹೋದದ್ದನ್ನು ನಾನು ನೆಲ ನೋಡಿಯೇ ಹೇಳುತ್ತಿದ್ದೆ. ಹಾಗೆಂದು ಈಗ ಬರೆಯುತ್ತಿದ್ದೇನೆ. ಆಗ ನಿಜವಾಗಿ ನೆಲ ನೋಡುತ್ತಿದ್ದೆನೋ ಇಲ್ಲವೋ.

ಆಲ್ದೂರಿನಲ್ಲಿ ನನ್ನದು ಹೊಲಿಗೆ ಅಂಗಡಿ. ಅದರ ಗೋಡೆಗೆ ಅಂಟಿಕೊಂಡು ಅವರ ಶೆಡ್ಡು, ಶೆಡ್ಡಿನಲ್ಲಿ ಅವರ ಪಿಕಪ್. ಸುತ್ತಲಿನ ಸಣ್ಣ ತೋಟಗಳ ಕಾಫಿಯನ್ನು ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಒಯ್ಯುತ್ತಿದ್ದರು. ಮಂಡಿ ಹೋದ ಮೇಲೆ ಬೇರೆ ಡ್ರೈವರ್ ಇಡಿ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ.

"ಅವ ಓಡ್ಸಿದ್ರೆ ನಾನೇನು? ಪಕ್ಕದ ಸೀಟಲ್ಲಿ ಇನ್ನೊಂದು ಮೂಟೆ."

ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಹಾಕಿದರೆ ಒಂದೇ ಕಾಲು ಸಾಕು ಎಂದು ಹೊರಟರು. ಮೊದಲು ಹಾಕಿದ್ದು ಕಾರಿನ ಬಾಕ್ಸ್. ಖಾಲಿ ಗಾಡಿಯನ್ನು ವಸ್ತಾರೆವರೆಗೆ ಎಳೆಯಿತು. ಮೂಟೆ ತುಂಬಿದ ದಿನ ಏರಿನಲ್ಲಿ ಸುಟ್ಟ ವಾಸನೆ ಬಂದು ನಿಂತಿತು. ಆಮೇಲೆ ಅಪಘಾತವಾಗಿ ಗುಜರಿ ಸೇರಿದ್ದ ದೊಡ್ಡ ಜೀಪೊಂದರ ಹೆವಿ ಬಾಕ್ಸ್ ತಂದರು. ಅದು ಎಂಜಿನ್ನಿಗೆ ಹೊಂದುತ್ತಿತ್ತು, ಆದರೆ ಉದ್ದ ಹೆಚ್ಚು. ಅದನ್ನು ಹೊರುವ ಕಬ್ಬಿಣದ ಅಡ್ಡಪಟ್ಟಿಯನ್ನು ಹಿಂದೆ ಸರಿಸಿ ವೆಲ್ಡ್ ಮಾಡಿದರು. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಬೇಕಿತ್ತು. ಅಳೆಯಲು ನನ್ನ ಟೇಪು, ಗುರುತಿಗೆ ನಾನು ಬಟ್ಟೆಗೆ ಹಾಕುವ ಸೀಮೆಸುಣ್ಣ. ಅಳೆದದ್ದನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದರು.

"ನಿಂದು ತಪ್ಪಿದ್ರೆ ಬಿಚ್ಚಿ ಹೊಲಿತೀಯ ಮಾರಾಯ್ತಿ. ನಂದು ತಪ್ಪಿದ್ರೆ?"

ಅವರ ಹೆಂಡತಿ ಕಾಫಿ ತಂದಿಟ್ಟು ನನ್ನ ಕಡೆ ತಿರುಗಿ ಹೇಳುತ್ತಿದ್ದರು: "ಗಾಡಿಗೆ ಎರಡನೇ ಆಪರೇಷನ್ನು. ಇವ್ರ ಕಾಲಿಗೆ ಒಂದೂ ಇಲ್ಲ."

"ಕಾಲು ಸರಿಯಾದ್ರೆ ಮನೇಲಿ ಓಡಾಡ್ತೀನಿ. ಗಾಡಿ ಸರಿಯಾದ್ರೆ ಕಳಸಕ್ಕೆ ಹೋಗ್ತೀನಿ. ಯಾವ್ದು ಮೇಲು?"

"ಕಾಫಿ ಕುಡೀರಿ. ಆರೋಯ್ತು."

ಬಾಕ್ಸ್ ಕೂರಿಸುವ ಮಧ್ಯಾಹ್ನ ಗೋಡೆ ತಟ್ಟಿ ನನ್ನನ್ನು ಕರೆದರು. ವರ್ಷಗಟ್ಟಲೆ ಡೀಸೆಲ್ ಎಂಜಿನ್ ಪಕ್ಕ ಕೂತು ಅವರ ಕಿವಿ ಮಂದವಾಗಿತ್ತು. ನನ್ನ ಹೊಲಿಗೆ ಮಿಷನ್ನಿನ ಸೂಜಿ ಮುರಿಯುವ ಮೊದಲೇ ನನಗೆ ಸದ್ದು ಗೊತ್ತಾಗುವುದನ್ನು ಅವರು ಕಂಡಿದ್ದರು. ಬಾಕ್ಸಿನ ಬಾಯಲ್ಲಿ ಎಣ್ಣೆ ತುಂಬಿದ ಬೋಗುಣಿಯಂಥ ಒಂದು ಡ್ರಮ್. ಅದನ್ನು ತಿರುಗಿಸುತ್ತ ಒಳಗೆ ಒತ್ತಬೇಕು. ಒಂದೊಂದು ಹಲ್ಲು ಕೂತಾಗಲೂ ಟಕ್ ಎನ್ನುತ್ತದೆ.

"ಮೂರು ಸಲ ಟಕ್ ಅನ್ಬೇಕು. ಎರಡಕ್ಕೇ ನಿಲ್ಸಿ ಬೋಲ್ಟ್ ಬಿಗಿದ್ರೆ ಒಳಗಿನ ಆಯಿಲ್ ಪಂಪು ಪುಡಿ. ಈ ಬಾಕ್ಸಲ್ಲಿ ಡ್ರಮ್ ಎಷ್ಟು ಒಳಗೆ ಹೋಗ್ಬೇಕು ಅನ್ನೋ ಅಳತೆ ನಂಗೆ ಗೊತ್ತಿಲ್ಲ. ನೀನೇ ಕೇಳು."

ನಾನು ಬಗ್ಗಿ ಕಿವಿಯಿಟ್ಟೆ. ಒಂದು ಟಕ್. ತುಂಬ ಹೊತ್ತಾದ ಮೇಲೆ ಇನ್ನೊಂದು. ಅಷ್ಟರಲ್ಲಿ ರಸ್ತೆಯಲ್ಲಿ ಬಾಳೆಹೊನ್ನೂರಿನ ಬಸ್ಸು ಉದ್ದಕ್ಕೆ ಹಾರನ್ ಹೊಡೆಯಿತು. ಅಂಗಡಿಯಲ್ಲಿ ರವಿಕೆಗೆ ಬಂದವರು ಕಾಯುತ್ತಿದ್ದರು. ಡ್ರೈವರಣ್ಣನ ಹಣೆಯ ಬೆವರು ಡ್ರಮ್ಮಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಆಯ್ತಾ?"

"ಆಯ್ತು. ಮೂರು," ಎಂದೆ.

ಬೋಲ್ಟು ಬಿಗಿಯುವಾಗ ಪಾನಾ ಒಮ್ಮೆ ತಡೆಯಿತು. "ಸ್ವಲ್ಪ ಬಿಗಿ ಇದೆ," ಎಂದು ನನ್ನ ಮುಖ ನೋಡಿದರು. ನಾನು ಅಂಗಡಿಯ ಕಡೆ ತಿರುಗಿದೆ. ಅವರು ಇನ್ನೊಂದು ಸುತ್ತು ಬಿಗಿದರು.

ಮಾರನೆಯ ದಿನ ಎಂಜಿನ್ ಚಾಲೂ ಆಯಿತು. ಒಳಗೆ ಏನೋ ಕಿರುಗುಟ್ಟಿತು. ಲಿವರ್ ಎಲ್ಲಿಗೆ ಹಾಕಿದರೂ ಗಾಡಿ ಕದಲಲಿಲ್ಲ. ಬಿಚ್ಚಿದರೆ ಪಂಪು ಚೂರಾಗಿತ್ತು. ಅದು ಎಲ್ಲೂ ಬಿಡಿಯಾಗಿ ಸಿಗಲಿಲ್ಲ. ಅಂಥ ಇನ್ನೊಂದು ಬಾಕ್ಸೂ ಸಿಗಲಿಲ್ಲ.

"ನೀ ಕೇಳಿದ್ದು ಮೂರೇ ಅಲ್ವ?" ಎಂದು ಒಮ್ಮೆ ಮಾತ್ರ ಕೇಳಿದರು.

"ಮೂರೇ ಅಣ್ಣ."

"ಹಂಗಾದ್ರೆ ಗುಜರಿಯವ ಒಡೆದದ್ದೇ ಕೊಟ್ಟಿದ್ದ."

ಊರಿಗೆಲ್ಲ ಹಾಗೆಯೇ ಹೇಳಿದರು. ಆಮೇಲೆ ಶೆಡ್ಡಿಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ನೆಲದ ಮೇಲೆ ಹೊಸ ಗೆರೆ ಬೀಳಲಿಲ್ಲ. ಮುಂದಿನ ಕೊಯ್ಲಿನ ಹೊತ್ತಿಗೆ ಎದೆ ಹಿಡಿದುಕೊಂಡಿತೆಂದು ಅವರನ್ನು ಚಿಕ್ಕಮಗಳೂರಿಗೆ ಕರೆದೊಯ್ದದ್ದು ಬೇರೆಯವರ ಪಿಕಪ್ಪಿನ ಪಕ್ಕದ ಸೀಟಿನಲ್ಲಿ. ಅಂಗಡಿ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಮೂಟೆ ಹೊರಟಿತು ಮಾರಾಯ್ತಿ," ಎಂದರು. ಹಾಗೆಂದು ನನ್ನ ನೆನಪು. "ಅವತ್ತು ಅವ್ರಿಗೆ ಮಾತೇ ಹೊರಡ್ತಿರ್ಲಿಲ್ಲ," ಎನ್ನುತ್ತಾರೆ ಅವರ ಹೆಂಡತಿ. ಡ್ರೈವರಣ್ಣ ವಾಪಸ್ಸು ಬರಲಿಲ್ಲ.

ಟೇಪು ಈಗಲೂ ನನ್ನ ಕೊರಳಲ್ಲಿದೆ. ಶಾಫ್ಟ್ ಅಳೆದ ಕಡೆ ಗ್ರೀಸ್ ಹತ್ತಿ ಒಂದೆರಡು ಅಂಕಿ ಓದಲು ಬರುವುದಿಲ್ಲ.

ಅವರು ನನ್ನ ಮಾತನ್ನು ನಂಬಿದ್ದರೋ, ಗುಜರಿಯವನ ಹೆಸರು ಹೇಳಿ ನನ್ನನ್ನು ಉಳಿಸಿದರೋ, ನನಗೆ ಗೊತ್ತಿಲ್ಲ. ಬಸ್ಸಿನ ಹಾರನ್ನಿನೊಳಗೆ ಮೂರನೆಯದೊಂದು ಕೇಳಿತ್ತೇ? ಅದೂ ಗೊತ್ತಿಲ್ಲ.