ಕಾಳಿಯಪ್ಪನವರ ಮಹಾಮಾರಿ
ತಮಿಳುನಾಡಿನ ಸಿರುಮುಗೈಯ ನೇಕಾರರ ಬೀದಿಯ ಐತಿಹಾಸಿಕ ಕಾದಂಬರಿಕಾರ ಕಾಳಿಯಪ್ಪನವರು ಕೂತು ಬರೆದದ್ದನ್ನು ಯಾರೂ ಕಂಡಿಲ್ಲ, ಹಜಾರದಲ್ಲಿ ಶತಪಥ ತಿರುಗುತ್ತಲೇ ಏಳುನೂರು ವರ್ಷ ಹಿಂದಿನ ಮಧುರೆಗೆ ಮುತ್ತಿಗೆ ಹಾಕುತ್ತಾರೆ, ಕಾಫಿ ಆರುವುದರೊಳಗೆ ಮೂರು ಸಾವಿರ ಕುದುರೆಗಳನ್ನು ಕೆಡವುತ್ತಾರೆ, ಹಾಲಿನವನು ಬಾಗಿಲು ತಟ್ಟಿದರೆ "ಯುದ್ಧಂ ನಡೀತಾದೆ ತಂಬಿ, ಅಪ್ಪುರಂ, ಆಮೇಲೆ ಬಾ!" ಎಂದು ಗದರುತ್ತಾರೆ. ಆದರೆ ಯುದ್ಧ ಮುಗಿದು ಊರಿಗೆ ಮಹಾಮಾರಿ ಬಂದಲ್ಲಿಗೆ ಕಥೆ ಎಂಟು ತಿಂಗಳಿಂದ ನಿಂತುಬಿಟ್ಟಿದೆ. ಅದರಲ್ಲಿ ಸಾಯಬೇಕಾದ ನೇಕಾರಗಿತ್ತಿಗೆ, ಬೇರೆ ಹೆಸರು ಹೊಳೆಯದೆ, ಹೆಂಡತಿ ಪೆರಿಯನಾಯಕಿಯ ಹೆಸರನ್ನೇ ಇಟ್ಟಿದ್ದರು. ಈಗ ಹೆಸರು ಬದಲಿಸಿದರೂ ಪುಟದಲ್ಲಿ ಹೆಂಡತಿಯೇ ಎದ್ದು ಬರುತ್ತಾಳೆ. ಒಳಗೆ ಕುಳಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುವ ಆಕೆಯೋ, "ಏನ್ರೀ, ಇವತ್ತಾದ್ರೂ ನನ್ನ ಸಾಯಿಸ್ತೀರಾ? ಪುಸ್ತಕ ಅಚ್ಚು ಹಾಕೋರು ಮತ್ತೆ ಫೋನ್ ಮಾಡಿದ್ರು" ಎಂದು ದಿನಾ ಕೆಣಕುತ್ತಾಳೆ. "ಬರೆಯೋನಿಗೆ ಕರುಣೆ ಇರಬಾರ್ದು ಕಣೇ, ಇವತ್ತು ಖಂಡಿತ" ಎಂದು ಎದೆಯುಬ್ಬಿಸಿ, ನಿಂತಲ್ಲೇ ಕಥೆಯ ನೇಕಾರಗಿತ್ತಿಗೆ ಜ್ವರ ಬಂದ ಸಾಲು ಬರೆಯುತ್ತಾರೆ. ಅಷ್ಟರಲ್ಲಿ ಮಗ್ಗದ ಸದ್ದು ನಿಲ್ಲುತ್ತದೆ. ಪೆನ್ನು ಹಿಡಿದೇ ಓಡುತ್ತಾರೆ. ಎಳೆ ಹರಿದಿದೆ, ಆಕೆ ಗಂಟು ಹಾಕುತ್ತಿದ್ದಾಳೆ, ಅಷ್ಟೇ. ಆದರೂ ಹಣೆ ಮುಟ್ಟಿ, ತಣ್ಣಗಿರುವುದನ್ನು ಖಾತ್ರಿ ಮಾಡಿಕೊಂಡು ಬಂದು, ಬರೆದ ಸಾಲನ್ನು ಹೊಡೆದುಹಾಕುತ್ತಾರೆ.