ಡಾಕ್ಟ್ರಮ್ಮ ಹೇಳದೇ ಇದ್ದ ಮಾತು

ಮೊನ್ನೆ ಸ್ಕ್ಯಾನಿಂಗ್ ಸೆಂಟರಿನ ಹುಡುಗಿ ನನ್ನ ಹೊಟ್ಟೆಗೆ ಜೆಲ್ ಹಚ್ಚಿದಳು. ಅದು ತಣ್ಣಗೆ ತಾಕಿದಾಗ ನನಗೆ ನೆನಪಾದದ್ದು ನನ್ನ ಕಾಯಿಲೆಯಲ್ಲ, ದಬ್ಬೇಘಟ್ಟದ ಕಡೆ ತೆಂಗಿನ ತೋಟ ಮಾಡಿಕೊಂಡಿದ್ದ ನಮ್ಮ ಸೋದರತ್ತೆ.

ಎಂಬತ್ತರ ದಶಕದ ಮಾತು. ಅತ್ತೆಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಮತ್ತೆ ರಕ್ತ ಕಾಣಿಸಿಕೊಂಡಿತು. ಊರಲ್ಲಿ ಯಾರಿಗೂ ಹೇಳದೆ, ಬಿ.ಎಸ್ಸಿ. ಓದಿದವಳೆಂದು ನನ್ನ ಕಿವಿಗೆ ಹಾಕಿದಳು. ನಾನು ಓದಿದ್ದು ಸಸ್ಯಶಾಸ್ತ್ರ. ಆದರೂ ಎಲ್ಲ ತಿಳಿದವಳಂತೆ ತಲೆಯಾಡಿಸಿದೆ. ತಿಪಟೂರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಗಡ್ಡೆಯಿದೆ, ಎಂಥದೆಂದು ಕೈಗೆ ತಿಳಿಯುವುದಿಲ್ಲ, ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿ ಎಂದರು.

ಮೂತ್ರಕೋಶ ತುಂಬಿದ್ದರೇ ಚಿತ್ರ ಸರಿಯಾಗಿ ಕಾಣುವುದಂತೆ. ನೀರು ಕುಡಿಸಿ ಎಂದಿದ್ದರು. ಬೆಂಗಳೂರಿನ ನೀರು ಅತ್ತೆಗೆ ಸೇರದು. ಬೀದಿಯಲ್ಲಿ ಎಳನೀರು ಕೊಡಿಸಿದೆ. ಎರಡು ಕುಡಿದು ಮೂರನೆಯದರ ಹೊತ್ತಿಗೆ, ಇದನ್ನು ಯಾವ ಪುಣ್ಯಾತ್ಮ ಕಿತ್ತ, ಇನ್ನೂ ಹದಿನೈದು ದಿನ ಮರದಲ್ಲಿರಬೇಕಿತ್ತು ಎಂದು ಎಳನೀರಿನವನಿಗೆ ಪಾಠ ಶುರುಮಾಡಿದಳು. ಅವಳನ್ನು ಎಳೆದು ತರುವಷ್ಟರಲ್ಲಿ, ಜೊತೆಗೆ ಕುಡಿದಿದ್ದ ನನಗೇ ಅವಸರವಾಗಿತ್ತು. ನೋಡಿದವರಿಗೆ ರೋಗಿ ನಾನೇ ಅನ್ನಿಸಿರಬೇಕು.

ಸ್ಕ್ಯಾನ್ ಮಾಡಿದ ಡಾಕ್ಟರು ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ಬೂದುಬಣ್ಣದ ಪರದೆಯನ್ನು ಅತ್ತೆಯ ಕಡೆಗೇ ತಿರುಗಿಸಿದರು. ದುಂಡಗಿನ ಗಡ್ಡೆ. ಅಂಚು ನುಣುಪಾಗಿದೆ, ಒಳಗೆಲ್ಲ ಒಂದೇ ಸಮನಾಗಿದೆ, ಸುತ್ತಲಿನದನ್ನು ಕೊರೆದುಕೊಂಡು ಹೋಗಿಲ್ಲ. ಕೆಟ್ಟ ಗಡ್ಡೆ ಸಾಮಾನ್ಯವಾಗಿ ಹೀಗೆ ಕಾಣುವುದಿಲ್ಲ, ಇದು ಫೈಬ್ರಾಯ್ಡ್, ಗರ್ಭಕೋಶದಲ್ಲಿ ಬೆಳೆಯುವ ಮಾಂಸದ ಗಂಟು ಇರಬೇಕು ಎಂದು ಬೆರಳಿಟ್ಟು ತೋರಿಸಿದರು.

ನನಗೆ ಅಷ್ಟು ಸಾಕಾಯಿತು. "ಕ್ಯಾನ್ಸರ್ ಅಲ್ಲ ಕಣತ್ತೆ, ಬರೀ ಗಂಟು. ನಡಿ ಊರಿಗೆ," ಎಂದೆ. ಅತ್ತೆ ಸೀರೆ ಸರಿಮಾಡಿಕೊಂಡು ಎದ್ದೇಬಿಟ್ಟಳು.

"ನಾನು ಹಾಗೆ ಹೇಳಲಿಲ್ಲವಲ್ಲ," ಎಂದರು ಡಾಕ್ಟರು. ದನಿ ಏರಿಸಲಿಲ್ಲ. "ಗಡ್ಡೆ ಸಾಧುವಾಗಿ ಕಾಣುತ್ತೆ, ಅಷ್ಟೇ. ರಕ್ತ ಯಾಕೆ ಹೋಗ್ತಿದೆ ಅಂತ ಈ ಚಿತ್ರ ಹೇಳಲ್ಲ. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು."

ಅತ್ತೆ ಮತ್ತೆ ಕೂತಳು. "ಸರಿ ಬುಡಿ ಡಾಕ್ಟ್ರಮ್ಮ. ಕೊಬ್ಬರಿಗೆ ಇಟ್ಟ ಕಾಯಿನ ನಾವೂ ಅಲ್ಲಾಡ್ಸಿ, ಒಣಗೈತೆ ಅಂತೀವಿ. ಒಳಗೆ ಕೊಳೆತೈತೋ ಇಲ್ವೋ, ಒಡೆದ ಮೇಲೇ ಗೊತ್ತಾಗೋದು. ಅದೇನ್ ತೆಗೀಬೇಕೋ ತೆಗೀರಿ. ಇವಳು ಓದಿರೋಳು, ಹೆದ್ರಿಕೊಂಡವ್ಳೆ ಅಷ್ಟೇ."

ಗಡ್ಡೆ ನಿಜಕ್ಕೂ ಸಾಧುವೇ ಆಗಿತ್ತು. ಕ್ಯಾನ್ಸರ್ ಇದ್ದದ್ದು ಒಳಪದರದಲ್ಲಿ, ಆಗತಾನೇ ಶುರುವಾಗಿತ್ತು. ಗರ್ಭಕೋಶ ತೆಗೆದರು. ಅತ್ತೆ ಇನ್ನೂ ಇಪ್ಪತ್ತು ವರ್ಷ ಬದುಕಿ, ತೋಟಕ್ಕೆ ಬಂದವರಿಗೆಲ್ಲ ನನ್ನನ್ನು ತೋರಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದವಳು ಇವಳೇ ಎನ್ನುತ್ತಿದ್ದಳು. "ನಡಿ ಊರಿಗೆ" ಎಂದವಳೂ ನಾನೇ ಎಂಬುದನ್ನು ಒಮ್ಮೆಯೂ ಬಾಯಿಬಿಡಲಿಲ್ಲ. ನನಗೆ ಮಾತ್ರ ಅದು ಇಂದಿಗೂ ಕೇಳಿಸುತ್ತದೆ. ನೀವೇ ಯೋಚಿಸಿ, ಡಾಕ್ಟರು ಆ ಗಳಿಗೆ ಪಕ್ಕದ ಕೋಣೆಗೆ ಹೋಗಿದ್ದರೆ? ನಮಗೆ ಸಂಜೆಯ ಬಸ್ಸು ಸಿಕ್ಕಿಬಿಡುತ್ತಿತ್ತು.

ಮೊನ್ನೆ ನಾನು ಹೊರಗೆ ಬಂದಾಗ ಬೆಂಚಿನ ಮೇಲಿದ್ದ ಸೊಸೆ ಎದ್ದು ಬಂದು, "ಏನೂ ಇಲ್ಲ ಅಂದ್ರಾ ಅತ್ತೆ?" ಎಂದಳು.

"ಕಂಡಿದ್ದು ಚೆನ್ನಾಗಿದೆಯಂತೆ. ಕಾಣದೇ ಇರೋದಕ್ಕೆ ಇನ್ನೊಂದು ಪರೀಕ್ಷೆ ಬರೆದಿದ್ದಾರೆ."

ಅವಳ ಮುಖ ಸಪ್ಪಗಾಯಿತು. ಸಮಾಧಾನಕ್ಕೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ, ಅವಳ ಕೈ ಹಿಡಿದುಕೊಂಡೆ.